ಬ್ಲೂಟೂತ್ ಆಡಿಯೋ ಮಾಡ್ಯೂಲ್‌ಗೆ ಅನಲಾಗ್ ಇನ್‌ಪುಟ್, ಔಟ್‌ಪುಟ್ ಸರ್ಕ್ಯೂಟ್ ಕಟ್ಟುವುದು ಹೇಗೆ: ಸಮಗ್ರ ಮಾರ್ಗದರ್ಶಿ

ಹಾಡು ನಿಲ್ಲಿಸಿದ ಮೇಲೂ ಸ್ಪೀಕರಿನಲ್ಲಿ ಸಣ್ಣಗೆ ಜುಯ್ ಅನ್ನುತ್ತಿದೆ. ಫೋನಿನಲ್ಲಿ ಮಾತಾಡಿದರೆ ಆ ಕಡೆಯವರಿಗೆ ನಿಮ್ಮ ದನಿಯ ಹಿಂದೆ ಗುಂಯ್ ಕೇಳಿಸುತ್ತಿದೆ. ಇಂಥ ಸದ್ದು ಬಂದಾಗ ಎಲ್ಲರೂ ಮೊದಲು ದೂರುವುದು ವೈರ್‌ಲೆಸ್ ಅನ್ನೇ. ಆದರೆ ಗಾಳಿಯಲ್ಲಿ ಬರುವುದು ಬರೀ ಅಂಕಿಗಳು. ಅಂಕಿ ಕೆಟ್ಟರೆ ಹಾಡು ತುಂಡಾಗುತ್ತದೆ, ತಡೆದು ತಡೆದು ಬರುತ್ತದೆ, ನಿಂತೇ ಹೋಗುತ್ತದೆ. ಜುಯ್ ಅನ್ನುವುದಿಲ್ಲ. ಆ ಸದ್ದು ದನಿಗೆ ಸೇರುವುದು ಮೈಕ್‌ನಿಂದ ಮಾಡ್ಯೂಲಿಗೆ (ಬ್ಲೂಟೂತ್‌ನಲ್ಲಿ ಬರುವ ಹಾಡನ್ನು ಹಿಡಿಯುವ ಪುಟ್ಟ ಬೋರ್ಡ್), ಮಾಡ್ಯೂಲಿನ ಪಿನ್‌ನಿಂದ ಆಂಪ್ಲಿಫೈಯರ್‌ಗೆ (ಆಂಪ್) ಹೋಗುವ ಕೆಲವೇ ಸೆಂಟಿಮೀಟರ್ ವೈರಿನಲ್ಲಿ, ಅದರ ಗ್ರೌಂಡಿನಲ್ಲಿ, ಅಂದರೆ ಕರೆಂಟ್ ವಾಪಸ್ ಹೋಗುವ ಸೊನ್ನೆ ವೋಲ್ಟ್ ದಾರಿಯಲ್ಲಿ.

ಹಾಗಾಗಿ ಈ ಕೆಲಸದ ಉದ್ದಕ್ಕೂ ಒಂದೇ ಪ್ರಶ್ನೆ ಕೇಳಿಕೊಳ್ಳಿ: ಈ ಕರೆಂಟ್ ವಾಪಸ್ ಯಾವ ದಾರಿಯಲ್ಲಿ ಹೋಗುತ್ತದೆ? ಸಿಗ್ನಲ್ ವೈರನ್ನು ಎಲ್ಲರೂ ಎಚ್ಚರದಿಂದ ಎಳೆಯುತ್ತಾರೆ. ವಾಪಸ್ ಬರುವ ದಾರಿಯನ್ನು ಮಾತ್ರ ಯಾರೂ ನೋಡುವುದಿಲ್ಲ. ಮುಂದಿನ ಪ್ರತಿ ಹಂತದಲ್ಲೂ ಈ ಪ್ರಶ್ನೆ ಮತ್ತೆ ಬರುತ್ತದೆ.

ಹಂತ 1: ಡೇಟಾಶೀಟ್‌ನಲ್ಲಿ ಏನು ಹುಡುಕಬೇಕು

ಡೇಟಾಶೀಟ್ ಅಂದರೆ ಚಿಪ್ ತಯಾರಕರು ಕೊಡುವ ವಿವರಗಳ ದಾಖಲೆ. ಅದರ ನೂರು ಪುಟ ಓದಬೇಕಾಗಿಲ್ಲ. ಔಟ್‌ಪುಟ್ ಡಿಫರೆನ್ಷಿಯಲ್ ಇದೆಯೋ ಸಿಂಗಲ್ ಎಂಡೆಡ್ ಇದೆಯೋ ನೋಡಿ. ಸಿಂಗಲ್ ಎಂಡೆಡ್ ಅಂದರೆ ಪ್ರತಿ ಚಾನೆಲ್‌ಗೆ (ಎಡ ಅಥವಾ ಬಲ ದನಿಗೆ) ಒಂದೇ ಪಿನ್, ಸಿಗ್ನಲ್ ವಾಪಸ್ ಬರುವುದು ಗ್ರೌಂಡಿನಲ್ಲಿ. ಡಿಫರೆನ್ಷಿಯಲ್ ಅಂದರೆ ಪ್ರತಿ ಚಾನೆಲ್‌ಗೆ ಎರಡು ಪಿನ್ ಇರುತ್ತವೆ. ಒಂದು ಮೇಲೆ ಹೋದಾಗ ಇನ್ನೊಂದು ಅಷ್ಟೇ ಕೆಳಗೆ ಬರುತ್ತದೆ. ಸಿಎಸ್‌ಆರ್8645 ಚಿಪ್ ಇರುವ ಮಾಡ್ಯೂಲ್‌ಗಳು ಈ ಜಾತಿಯವು. ಸ್ಪೀಕರ್ ಎಡ ಪ್ಲಸ್, ಎಡ ಮೈನಸ್, ಬಲ ಪ್ಲಸ್, ಬಲ ಮೈನಸ್ ಎಂದು ನಾಲ್ಕು ಪಿನ್ ಕಾಣಿಸುತ್ತವೆ. ಸಿಎಸ್‌ಆರ್ ಕಂಪನಿಯನ್ನು ಕ್ವಾಲ್‌ಕಾಮ್ 2015ರಲ್ಲಿ ಕೊಂಡುಕೊಂಡಿತು. ಹಾಗಾಗಿ ಒಂದೇ ಸಾಲಿನ ಚಿಪ್‌ಗಳ ದಾಖಲೆ ಎರಡು ಹೆಸರಿನಲ್ಲಿ ಸಿಗಬಹುದು. ಹುಡುಕುವಾಗ ಎರಡನ್ನೂ ನೋಡಿ.

ಮತ್ತೆ ಬೇಕಾಗುವುದು ಇಷ್ಟು: ಪೂರ್ತಿ ವಾಲ್ಯೂಮ್‌ನಲ್ಲಿ ಔಟ್‌ಪುಟ್ ಎಷ್ಟು ವೋಲ್ಟ್ ಬರುತ್ತದೆ, ಕನಿಷ್ಠ ಎಷ್ಟು ಓಮ್ ಲೋಡ್ ಹಾಕಬಹುದು, ಲೈನ್ ಇನ್‌ಪುಟ್ (ಸಿಡಿ ಪ್ಲೇಯರ್‌ನಂಥ ಉಪಕರಣದ ಸಿಗ್ನಲ್ ಬರುವ ಜಾಗ) ಎಷ್ಟು ವೋಲ್ಟ್ ತಡೆದುಕೊಳ್ಳುತ್ತದೆ, ಆ ಇನ್‌ಪುಟ್‌ನ ಇಂಪೀಡೆನ್ಸ್ (ಆಡಿಯೋ ಸಿಗ್ನಲ್‌ಗೆ ಅದು ಒಡ್ಡುವ ತಡೆ, ಓಮ್‌ನಲ್ಲಿ) ಎಷ್ಟು, ಮೈಕ್ ಬಯಾಸ್ (ಮೈಕ್ ನಡೆಸಲು ಮಾಡ್ಯೂಲ್ ಕೊಡುವ ವೋಲ್ಟೇಜ್) ಎಷ್ಟು ವೋಲ್ಟ್. ಒಂದು ಚೀಟಿಯಲ್ಲಿ ಬರೆದು ಮೇಜಿನ ಮೇಲಿಡಿ. ಪದೇ ಪದೇ ಬೇಕಾಗುತ್ತದೆ.

ಹಂತ 2: ಏನನ್ನೂ ಜೋಡಿಸುವ ಮೊದಲು ಮಲ್ಟಿಮೀಟರ್ ಇಡಿ

ಮಾಡ್ಯೂಲಿಗೆ ಪವರ್ ಕೊಟ್ಟು ಫೋನಿಗೆ ಪೇರ್ ಮಾಡಿ. ನಿಶ್ಶಬ್ದವಾದ ಫೈಲ್ ಒಂದನ್ನು ಪ್ಲೇ ಮಾಡಿ. ಪ್ಲೇ ಮಾಡುವುದು ಮುಖ್ಯ, ಯಾಕೆಂದರೆ ಸುಮ್ನೆ ಇದ್ದಾಗ ಎಷ್ಟೋ ಚಿಪ್‌ಗಳು ಆಡಿಯೋ ಭಾಗವನ್ನು ಮಲಗಿಸಿಬಿಡುತ್ತವೆ. ಈಗ ಮೀಟರನ್ನು ಡಿಸಿ ವೋಲ್ಟ್‌ಗೆ ತಿರುಗಿಸಿ. ಕಪ್ಪು ಪ್ರೋಬ್ ಗ್ರೌಂಡಿಗೆ, ಕೆಂಪು ಪ್ರೋಬ್ ಪ್ಲಸ್ ಪಿನ್‌ಗೆ ಇಡಿ. ಸೊನ್ನೆ ಬರುವುದಿಲ್ಲ. ಅನಲಾಗ್ ಸಪ್ಲೈನ ಅರ್ಧದ ಆಸುಪಾಸು ಬರುತ್ತದೆ. ಮೈನಸ್ ಪಿನ್‌ನಲ್ಲೂ ಅಷ್ಟೇ. ಪ್ಲಸ್ ಮತ್ತು ಮೈನಸ್ ನಡುವೆ ಇಟ್ಟರೆ ಮಾತ್ರ ಸೊನ್ನೆಗೆ ಹತ್ತಿರ ಬರುತ್ತದೆ.

ಇದನ್ನು ಕಣ್ಣಾರೆ ನೋಡಿದವರು ಮೈನಸ್ ಪಿನ್ ಗ್ರೌಂಡ್ ಅಲ್ಲ ಎಂಬುದನ್ನು ಮರೆಯುವುದಿಲ್ಲ. ಅದನ್ನು ಗ್ರೌಂಡಿಗೆ ಬೆಸೆದರೆ ಆ ಔಟ್‌ಪುಟ್ ಆಂಪ್ ಇಡೀ ಹೊತ್ತು ಶಾರ್ಟ್ ಆಗಿ ಕೂರುತ್ತದೆ. ನನ್ನ ಮೊದಲ ಮಾಡ್ಯೂಲಿನ ಎಡ ಚಾನೆಲ್ ಹೋದದ್ದು ಹೀಗೆಯೇ. ಹತ್ತು ನಿಮಿಷ ಹಾಡಿತು, ಚಿಪ್ ಬಿಸಿಯಾಯಿತು, ದನಿ ಒಡೆಯಿತು, ಆಮೇಲೆ ಬರಲೇ ಇಲ್ಲ. ಅದಾದ ಮೇಲೆ ಈ ಅಳತೆ ಮಾಡದೆ ಸೋಲ್ಡರಿಂಗ್ ಐರನ್ ಕೈಗೆ ತೆಗೆದುಕೊಂಡಿಲ್ಲ.

ಹಂತ 3: ಡಿಸಿ ತಡೆಯುವ ಕೆಪಾಸಿಟರ್

ಈ ಡಿಸಿಯನ್ನು ಅಲ್ಲೇ ನಿಲ್ಲಿಸಿ ಆಡಿಯೋವನ್ನು ಮಾತ್ರ ಮುಂದೆ ಬಿಡಬೇಕು. ಅದಕ್ಕೆ ಸರಣಿಯಲ್ಲಿ ಒಂದು ಕೆಪಾಸಿಟರ್ ಹಾಕುತ್ತೇವೆ. ಅದು ಮುಂದಿನ ಹಂತದ ಇನ್‌ಪುಟ್ ಇಂಪೀಡೆನ್ಸ್ ಜೊತೆ ಸೇರಿ ಹೈಪಾಸ್ ಫಿಲ್ಟರ್ ಆಗುತ್ತದೆ, ಅಂದರೆ ಕಟ್ ಆಫ್ ಎಂಬ ಒಂದು ಫ್ರೀಕ್ವೆನ್ಸಿಗಿಂತ ಕೆಳಗಿನ ದನಿಯನ್ನು ತಗ್ಗಿಸುತ್ತದೆ. ಲೆಕ್ಕ ಸುಲಭ. 1ನ್ನು (2 × 3.14 × ಓಮ್ × ಫ್ಯಾರಡ್)ನಿಂದ ಭಾಗಿಸಿದರೆ ಕಟ್ ಆಫ್ ಫ್ರೀಕ್ವೆನ್ಸಿ ಹರ್ಟ್ಜ್‌ನಲ್ಲಿ ಸಿಗುತ್ತದೆ.

ಆಂಪ್‌ನ ಇಂಪೀಡೆನ್ಸ್ 10ಕೆ (10 ಸಾವಿರ ಓಮ್) ಇದ್ದರೆ 0.1 ಮೈಕ್ರೋಫ್ಯಾರಡ್‌ಗೆ 159 ಹರ್ಟ್ಜ್ ಬರುತ್ತದೆ. ಬೇಸ್ ಹೋಯಿತು ಎಂದೇ ಲೆಕ್ಕ. 1 ಮೈಕ್ರೋಫ್ಯಾರಡ್‌ಗೆ 16 ಹರ್ಟ್ಜ್, 2.2ಕ್ಕೆ 7 ಹರ್ಟ್ಜ್. ನಾನು 2.2ರ ಕಡೆಗೇ ಹೋಗುತ್ತೇನೆ. ಕಟ್ ಆಫ್ ಹತ್ತಿರ ಹತ್ತಿರ ಕೆಪಾಸಿಟರ್ ಮೇಲೆ ಸಿಗ್ನಲ್ ವೋಲ್ಟೇಜ್ ನಿಲ್ಲುತ್ತದೆ, ಅಲ್ಲೇ ಅದರ ದೋಷಗಳೆಲ್ಲ ದನಿಗೆ ಸೇರುತ್ತವೆ. ಕಟ್ ಆಫ್ ಕೆಳಗಿದ್ದಷ್ಟೂ ಈ ತೊಂದರೆ ಕಿವಿಗೆ ಕೇಳುವ ವ್ಯಾಪ್ತಿಯಿಂದ ಆಚೆ ಹೋಗುತ್ತದೆ.

ಯಾವ ಜಾತಿಯ ಕೆಪಾಸಿಟರ್? ಜಾಗ ಇದ್ದರೆ ಪಾಲಿಯೆಸ್ಟರ್ ಫಿಲ್ಮ್ ಹಾಕಿ. ಎಕ್ಸ್7ಆರ್ ಸೆರಾಮಿಕ್ ಚಿಕ್ಕದು, ಅಗ್ಗ. ಆದರೆ ಅದರ ಮೇಲೆ ಡಿಸಿ ನಿಂತರೆ ಅದರ ಮೈಕ್ರೋಫ್ಯಾರಡ್ ಅಂಕಿ ಇಳಿಯುತ್ತದೆ. ಜೊತೆಗೆ ಅದು ಅದುರುವಿಕೆಗೆ ಸ್ಪಂದಿಸುತ್ತದೆ. ವಾಲ್ಯೂಮ್ ಜಾಸ್ತಿ ಮಾಡಿ ಪೆನ್ಸಿಲ್ ತುದಿಯಿಂದ ಅದರ ಮೇಲೆ ಮೆಲ್ಲಗೆ ತಟ್ಟಿ ನೋಡಿ, ಸ್ಪೀಕರಿನಲ್ಲಿ ಟಕ್ ಟಕ್ ಕೇಳಿಸಬಹುದು. ಸ್ಪೀಕರ್ ಪೆಟ್ಟಿಗೆಯ ಒಳಗೇ ಬೋರ್ಡ್ ಕೂರುವುದಾದರೆ ಇದು ನಿಜವಾದ ತೊಂದರೆ. ಎಲೆಕ್ಟ್ರೋಲಿಟಿಕ್ ಕೂಡ ಪರವಾಗಿಲ್ಲ, ದಿಕ್ಕು ಮಾತ್ರ ಸರಿ ಇರಬೇಕು. ಮಾಡ್ಯೂಲ್ ಕಡೆ 1 ವೋಲ್ಟ್, ಆಂಪ್ ಕಡೆ 2.5 ವೋಲ್ಟ್ ಬಯಾಸ್ ಇದ್ದರೆ ಪ್ಲಸ್ ಕಾಲು ಆಂಪ್ ಕಡೆಗೆ ಹೋಗಬೇಕು. ಎರಡೂ ಕಡೆ ಅಳೆದ ಮೇಲೆ ದಿಕ್ಕು ನಿರ್ಧರಿಸಿ, ಊಹೆ ಬೇಡ.

ಹಂತ 4: ಔಟ್‌ಪುಟ್‌ನಿಂದ ಆಂಪ್ಲಿಫೈಯರ್‌ಗೆ

ಇಲ್ಲಿ ಮೂರು ದಾರಿ ಇವೆ.

ಎಲ್ಲಕ್ಕಿಂತ ಒಳ್ಳೆಯದು, ಡಿಫರೆನ್ಷಿಯಲ್ ಔಟ್‌ಪುಟ್ಟನ್ನು ಡಿಫರೆನ್ಷಿಯಲ್ ಇನ್‌ಪುಟ್ ಇರುವ ಆಂಪ್‌ಗೆ ನೇರ ಕೊಡುವುದು. ಟಿಪಿಎ3110ರಂಥ ಕ್ಲಾಸ್ ಡಿ (ಬೇಗ ಬೇಗ ಆನ್ ಆಫ್ ಆಗಿ ದನಿ ಹೆಚ್ಚಿಸುವ) ಆಂಪ್ ಚಿಪ್‌ಗಳಲ್ಲಿ ಪ್ರತಿ ಚಾನೆಲ್‌ಗೆ ಪ್ಲಸ್, ಮೈನಸ್ ಎರಡೂ ಇನ್‌ಪುಟ್ ಇವೆ. ಪ್ರತಿ ಕಾಲಿಗೆ ಒಂದೊಂದು 1 ಮೈಕ್ರೋಫ್ಯಾರಡ್ ಹಾಕಿ ಜೋಡಿಸಿದರೆ ಮುಗಿಯಿತು. ಎರಡೂ ವೈರಿಗೆ ಸಮನಾಗಿ ಅಂಟಿಕೊಂಡ ಗದ್ದಲವನ್ನು ಆಂಪ್ ತಾನೇ ಕಳೆಯುತ್ತದೆ. ಇಲ್ಲಿ ಸಿಗ್ನಲ್ ಒಂದು ಕಾಲಿನಲ್ಲಿ ಹೋಗಿ ಇನ್ನೊಂದು ಕಾಲಿನಲ್ಲಿ ವಾಪಸ್ ಬರುತ್ತದೆ. ಗ್ರೌಂಡಿಗೆ ಸಿಗ್ನಲ್ ಹೊರುವ ಕೆಲಸವೇ ಇಲ್ಲ. ನಮ್ಮ ಪ್ರಶ್ನೆಗೆ ಇದಕ್ಕಿಂತ ಚೆಂದದ ಉತ್ತರ ಇಲ್ಲ.

ಇದೇ ಚಿಪ್‌ನಲ್ಲಿ ಗೇನ್ (ಸಿಗ್ನಲ್ಲನ್ನು ಎಷ್ಟು ಹೆಚ್ಚಿಸುತ್ತದೆ ಎಂಬ ಅಳತೆ) 20, 26, 32, 36 ಡೆಸಿಬೆಲ್ ಎಂದು ನಾಲ್ಕು ಮೆಟ್ಟಿಲು. ಗೇನ್ ಏರಿದಂತೆ ಇನ್‌ಪುಟ್ ಇಂಪೀಡೆನ್ಸ್ ಇಳಿಯುತ್ತದೆ. 20ರಲ್ಲಿ 60ಕೆ, 36ರಲ್ಲಿ 9ಕೆ. ಅದೇ 1 ಮೈಕ್ರೋಫ್ಯಾರಡ್ ಒಂದು ಕಡೆ 3 ಹರ್ಟ್ಜ್‌ನಲ್ಲಿ ಕತ್ತರಿಸಿದರೆ ಇನ್ನೊಂದು ಕಡೆ 18ರಲ್ಲಿ ಕತ್ತರಿಸುತ್ತದೆ. ಗೇನ್ ಜಂಪರ್ ಬದಲಿಸಿದ ಮೇಲೆ ಬೇಸ್ ಕಡಿಮೆಯಾಯಿತು ಅನ್ನುವವರು ಇದನ್ನು ಮೊದಲು ನೋಡಬೇಕು. ನನ್ನ ಸಲಹೆ: ಸಾಕಾಗುವಷ್ಟರಲ್ಲಿ ಅತಿ ಕಡಿಮೆ ಗೇನ್ ಇಡಿ. ಮಾಡ್ಯೂಲಿನ ಸ್ವಂತ ಹಿಸ್ ಸದ್ದು ವಾಲ್ಯೂಮ್ ಎಷ್ಟೇ ಇದ್ದರೂ ಹೆಚ್ಚು ಕಡಿಮೆ ಅಷ್ಟೇ ಇರುತ್ತದೆ. 36ರ ಬದಲು 20 ಇಟ್ಟರೆ ಆ ಹಿಸ್ 16 ಡೆಸಿಬೆಲ್ ಇಳಿಯುತ್ತದೆ, ಒಂದು ಪೈಸೆ ಖರ್ಚಿಲ್ಲದೆ.

ಎರಡನೇ ದಾರಿ, ಆಪ್ ಆಂಪ್ (ಎರಡು ಇನ್‌ಪುಟ್‌ಗಳ ವ್ಯತ್ಯಾಸವನ್ನು ಹೆಚ್ಚಿಸುವ ಚಿಪ್) ಬಳಸಿ ಡಿಫರೆನ್ಷಿಯಲ್ ಅನ್ನು ಸಿಂಗಲ್ ಎಂಡೆಡ್ ಮಾಡುವುದು. ಆಂಪ್‌ಗೆ ಒಂದೇ ಇನ್‌ಪುಟ್ ಇದ್ದರೆ, ಅಥವಾ ಹೊರಗೆ ಆರ್‌ಸಿಎ ಜಾಕ್ ಕೊಡಬೇಕಿದ್ದರೆ ಇದೇ ಸರಿ. ಒಂದು ಚಾನೆಲ್‌ಗೆ ನಾಲ್ಕು 10ಕೆ ರೆಸಿಸ್ಟರ್ ಬೇಕು. ಮಾಡ್ಯೂಲಿನ ಮೈನಸ್ ಕಾಲಿನಿಂದ ಕೆಪಾಸಿಟರ್ ಮತ್ತು 10ಕೆ ಮೂಲಕ ಆಪ್ ಆಂಪ್‌ನ ಮೈನಸ್‌ಗೆ ಹೋಗಿ. ಅಲ್ಲಿಂದ ಇನ್ನೊಂದು 10ಕೆ ಔಟ್‌ಪುಟ್‌ಗೆ. ಮಾಡ್ಯೂಲಿನ ಪ್ಲಸ್ ಕಾಲಿನಿಂದ ಕೆಪಾಸಿಟರ್ ಮತ್ತು 10ಕೆ ಮೂಲಕ ಆಪ್ ಆಂಪ್‌ನ ಪ್ಲಸ್‌ಗೆ. ಅಲ್ಲಿಂದ ನಾಲ್ಕನೇ 10ಕೆ ರೆಫರೆನ್ಸ್‌ಗೆ. ಔಟ್‌ಪುಟ್ ಕಡೆಯ 10ಕೆ ಮತ್ತು ರೆಫರೆನ್ಸ್ ಕಡೆಯ 10ಕೆ, ಇವೆರಡಕ್ಕೂ ಪಕ್ಕದಲ್ಲಿ (ಸಮಾಂತರವಾಗಿ) 100 ಪಿಕೋಫ್ಯಾರಡ್ ಹಾಕಿದರೆ 159 ಕಿಲೋಹರ್ಟ್ಜ್ ಮೇಲಿನ, ಡ್ಯಾಕ್‌ನಿಂದ (ಅಂಕಿಯನ್ನು ಅನಲಾಗ್ ಸಿಗ್ನಲ್ ಮಾಡುವ ಭಾಗ) ಬರುವ ಕಸ ಇಳಿಯುತ್ತದೆ.

ಈ ನಾಲ್ಕು ರೆಸಿಸ್ಟರ್‌ಗಳ ಹೊಂದಾಣಿಕೆಯೇ ಇಡೀ ಸರ್ಕ್ಯೂಟಿನ ಜೀವ. 1 ಪರ್ಸೆಂಟ್ ರೆಸಿಸ್ಟರ್‌ಗಳು ಕೆಟ್ಟ ದಿಕ್ಕಿನಲ್ಲಿ ಸೇರಿದರೆ ಎರಡೂ ಕಾಲಿಗೆ ಸಮನಾಗಿ ಅಂಟಿದ ಗದ್ದಲ ಬರೀ 34 ಡೆಸಿಬೆಲ್ ಇಳಿಯುತ್ತದೆ. 0.1 ಪರ್ಸೆಂಟ್ ಆದರೆ 54. ದುಬಾರಿ ರೆಸಿಸ್ಟರ್ ಬೇಡ ಅಂದರೆ ಒಂದೇ ಪಟ್ಟಿಯ ಇಪ್ಪತ್ತು ರೆಸಿಸ್ಟರ್ ಅಳೆದು, ಹತ್ತಿರ ಹತ್ತಿರ ಬಂದ ನಾಲ್ಕನ್ನು ಆರಿಸಿ. ಕಾಲು ಗಂಟೆಯ ಕೆಲಸ, ಫಲ ದೊಡ್ಡದು.

ರೆಫರೆನ್ಸ್ ಅಂದೆ. ಪ್ಲಸ್ ಮತ್ತು ಮೈನಸ್ ಎರಡೂ ಸಪ್ಲೈ ಇದ್ದರೆ ಅದು ಗ್ರೌಂಡ್. ಒಂದೇ ಸಪ್ಲೈ ಇದ್ದರೆ ಅದರ ಅರ್ಧ ವೋಲ್ಟ್. ಎರಡು 10ಕೆಯಿಂದ ಭಾಗ ಮಾಡಿ, ನಡುವಿನ ಬಿಂದುವಿನಿಂದ ಗ್ರೌಂಡಿಗೆ 47 ಮೈಕ್ರೋಫ್ಯಾರಡ್ ಹಾಕಿ. ಆ ಕೆಪಾಸಿಟರ್ ಬಿಟ್ಟರೆ ಸಪ್ಲೈನ ಅರ್ಧ ಗದ್ದಲ ನೇರ ದನಿಗೆ ಬೀಳುತ್ತದೆ. ಆ ಬಿಂದುವನ್ನು ಒಂದು ಆಪ್ ಆಂಪ್‌ನಿಂದ ಬಫರ್ ಮಾಡಿದರೆ, ಅಂದರೆ ಲೋಡ್ ಬಿದ್ದರೂ ವೋಲ್ಟ್ ಅಲುಗದಂತೆ ಹಿಡಿದರೆ, ಇನ್ನೂ ವಾಸಿ. ಕ್ವಾಡ್ (ಒಂದೇ ಚಿಪ್‌ನಲ್ಲಿ ನಾಲ್ಕು) ಆಪ್ ಆಂಪ್ ತೆಗೆದುಕೊಂಡರೆ ಎರಡು ಚಾನೆಲ್‌ಗೆ ಎರಡು, ಬಫರ್‌ಗೆ ಒಂದು. ನಾಲ್ಕನೆಯದನ್ನು ತೇಲಲು ಬಿಡಬೇಡಿ. ಅದರ ಔಟ್‌ಪುಟ್ಟನ್ನು ಮೈನಸ್‌ಗೆ ಜೋಡಿಸಿ, ಪ್ಲಸ್ಸನ್ನು ರೆಫರೆನ್ಸ್‌ಗೆ ಕಟ್ಟಿಬಿಡಿ. ಒಂದೇ ಸಪ್ಲೈ ಇದ್ದಾಗ ಔಟ್‌ಪುಟ್‌ಗೂ ಮತ್ತೊಂದು ಕೆಪಾಸಿಟರ್ ಬೇಕು.

ಆಪ್ ಆಂಪ್ ಆರಿಸುವಾಗ ಹೆಸರಿಗಿಂತ ಸಪ್ಲೈ ನೋಡಿ. ಎನ್‌ಇ5532 ಆಡಿಯೋಗೆ ಬಹಳ ಒಳ್ಳೆಯದು, ಆದರೆ ಅದಕ್ಕೆ ಪ್ಲಸ್ ಮೈನಸ್ 5 ವೋಲ್ಟ್‌ನಿಂದ ಮೇಲೆ ಬೇಕು. 3.3 ವೋಲ್ಟ್‌ನಲ್ಲಿ ಅದು ಕೆಲಸಕ್ಕೆ ಬಾರದು. ಅಲ್ಲಿ ಟಿಎಲ್‌ವಿ9062ರಂಥ ರೈಲ್ ಟು ರೈಲ್ (ಸಪ್ಲೈನ ಎರಡೂ ತುದಿಯ ಹತ್ತಿರದವರೆಗೆ ಔಟ್‌ಪುಟ್ ಹೋಗುವ) ಆಪ್ ಆಂಪ್ ಹಾಕಿ.

ಮೂರನೇ ದಾರಿ, ಒಂದೇ ಕಾಲನ್ನು ತೆಗೆದುಕೊಂಡು ಇನ್ನೊಂದನ್ನು ಖಾಲಿ ಬಿಡುವುದು. ನಡೆಯುತ್ತದೆ. ಸಿಗ್ನಲ್ ಅರ್ಧ ಆಗುತ್ತದೆ, ಮಾಡ್ಯೂಲಿನ ಒಳಗಿನ ಸಪ್ಲೈ ಗದ್ದಲವೂ ಪೂರ್ತಿ ಕೇಳುತ್ತದೆ. ಪರೀಕ್ಷೆಗೆ ಸರಿ, ಉಳಿಸಿಕೊಳ್ಳುವ ಬೋರ್ಡಿಗೆ ಬೇಡ. ಹೀಗೆ ಸಿಂಗಲ್ ಎಂಡೆಡ್ ಸಿಗ್ನಲ್ಲನ್ನು ಡಿಫರೆನ್ಷಿಯಲ್ ಆಂಪ್‌ಗೆ ಕೊಡುವಾಗ ಒಂದು ಸೂಕ್ಷ್ಮ ಇದೆ. ಆಂಪ್‌ನ ಖಾಲಿ ಮೈನಸ್ ಇನ್‌ಪುಟ್ಟನ್ನು ಅಷ್ಟೇ ಮೈಕ್ರೋಫ್ಯಾರಡ್‌ನ ಕೆಪಾಸಿಟರ್ ಮೂಲಕ ಗ್ರೌಂಡ್ ಮಾಡಬೇಕು. ಆ ಗ್ರೌಂಡ್ ಆಂಪ್ ಹತ್ತಿರದ್ದಲ್ಲ, ಮಾಡ್ಯೂಲ್ ಹತ್ತಿರದ್ದು. ಸಿಗ್ನಲ್ ವೈರಿನ ಜೊತೆ ಅದೂ ಅಲ್ಲಿಂದಲೇ ಬರಬೇಕು. ಆಗ ಎರಡು ಗ್ರೌಂಡುಗಳ ನಡುವಿನ ವ್ಯತ್ಯಾಸವನ್ನು ಆಂಪ್ ಕಳೆದುಹಾಕುತ್ತದೆ. ಒಂದು ವೈರ್ ಜಾಸ್ತಿ ಅಷ್ಟೇ, ಸದ್ದಿನಲ್ಲಿ ಎದ್ದು ಕಾಣುವ ವ್ಯತ್ಯಾಸ.

ಸ್ಟೀರಿಯೋವನ್ನು ಮೋನೋ ಮಾಡಬೇಕಿದ್ದರೆ ಎಡ ಬಲ ಎರಡನ್ನೂ ಸುಮ್ನೆ ತಿರುಚಿ ಸೇರಿಸಬೇಡಿ. ಒಂದು ಔಟ್‌ಪುಟ್ ಇನ್ನೊಂದನ್ನು ತಳ್ಳುತ್ತದೆ. ಎರಡಕ್ಕೂ ಒಂದೊಂದು 4.7ಕೆ ಹಾಕಿ, ಆಮೇಲೆ ಸೇರಿಸಿ.

ಹೆಡ್‌ಫೋನ್ ಬಗ್ಗೆ ಎರಡೇ ಮಾತು. ಹೆಡ್‌ಫೋನ್ ಜಾಕ್‌ನಲ್ಲಿ ಎಡ ಬಲ ಎರಡಕ್ಕೂ ಒಂದೇ ಗ್ರೌಂಡ್. ಹಾಗಾಗಿ ಡಿಫರೆನ್ಷಿಯಲ್ ಔಟ್‌ಪುಟ್ಟನ್ನು ಅಲ್ಲಿಗೆ ನೇರ ಕೊಡಲಾಗುವುದಿಲ್ಲ, ನಡುವೆ ಹೆಡ್‌ಫೋನ್ ಆಂಪ್ ಬೇಕೇ ಬೇಕು. ಸಿಂಗಲ್ ಎಂಡೆಡ್ ಔಟ್‌ಪುಟ್ ಇದ್ದು ಅದಕ್ಕೆ ಲೋಡ್ ಎಳೆಯುವ ಶಕ್ತಿ ಇದ್ದರೆ, 32 ಓಮ್‌ಗೆ 220 ಮೈಕ್ರೋಫ್ಯಾರಡ್ ಹಾಕಿ. ಕಟ್ ಆಫ್ 23 ಹರ್ಟ್ಜ್ ಬರುತ್ತದೆ.

ಹಂತ 5: ಲೈನ್ ಇನ್‌ಪುಟ್

ಸಿಡಿ ಪ್ಲೇಯರ್‌ನಂಥ ಉಪಕರಣಗಳು 2 ವೋಲ್ಟ್ ಆರ್‌ಎಂಎಸ್ (ಎಸಿ ಅಲೆಯ ಒಂದು ಬಗೆಯ ಸರಾಸರಿ) ಕೊಡುತ್ತವೆ. ತುದಿಯಿಂದ ತುದಿಗೆ ಅಳೆದರೆ 5.66 ವೋಲ್ಟ್. ಮಾಡ್ಯೂಲಿನ ಆಡಿಯೋ ಭಾಗ ನಡೆಯುವುದೇ 1.8 ಅಥವಾ 3.3 ವೋಲ್ಟ್‌ನಲ್ಲಿ. ಅಷ್ಟು ದೊಡ್ಡ ಅಲೆ ಅದರಲ್ಲಿ ಹಿಡಿಯುವುದಿಲ್ಲ, ಮೇಲೆ ಕೆಳಗೆ ಕತ್ತರಿಸಿ ಹೋಗುತ್ತದೆ. ಫೋನಿನಲ್ಲೋ ಆಪ್‌ನಲ್ಲೋ ಆಮೇಲೆ ವಾಲ್ಯೂಮ್ ಇಳಿಸಿದರೆ ಅದು ಸರಿಯಾಗುವುದಿಲ್ಲ.

ಆದ್ದರಿಂದ ಮೊದಲು ಡಿವೈಡರ್, ಅಂದರೆ ವೋಲ್ಟ್ ಇಳಿಸುವ ಎರಡು ರೆಸಿಸ್ಟರ್. ಜಾಕ್‌ನಿಂದ 10ಕೆ ಸರಣಿಯಲ್ಲಿ, ಅಲ್ಲಿಂದ 4.7ಕೆ ಗ್ರೌಂಡಿಗೆ. ಕಾಗದದ ಮೇಲೆ 2 ವೋಲ್ಟ್ 0.64 ಆಗುತ್ತದೆ. ಆದರೆ ಮಾಡ್ಯೂಲಿನ ಇನ್‌ಪುಟ್ ಇಂಪೀಡೆನ್ಸ್ 20ಕೆ ಇದ್ದರೆ ಅದು 4.7ಕೆಗೆ ಪಕ್ಕದಲ್ಲಿ ಕೂರುತ್ತದೆ, ಸಿಗುವುದು 0.55 ವೋಲ್ಟ್. ಹಂತ 1ರಲ್ಲಿ ಇಂಪೀಡೆನ್ಸ್ ಬರೆದುಕೊಳ್ಳಿ ಅಂದದ್ದು ಇದಕ್ಕೇ.

ಜೋಡಣೆಯ ಕ್ರಮ ಹೀಗಿರಲಿ: ಜಾಕ್, ಜಾಕ್‌ಗೆ ಅಂಟಿಕೊಂಡೇ ಇಎಸ್‌ಡಿ ಡಯೋಡ್ (ಸ್ಟ್ಯಾಟಿಕ್ ಕಿಡಿಯಿಂದ ಕಾಪಾಡುವುದು), 10ಕೆ, 4.7ಕೆ, ಅದರ ಪಕ್ಕದಲ್ಲಿ 1 ನ್ಯಾನೋಫ್ಯಾರಡ್, ಆಮೇಲೆ 1 ಮೈಕ್ರೋಫ್ಯಾರಡ್ ಸರಣಿಯಲ್ಲಿ, ಕೊನೆಗೆ ಪಿನ್. ಇಎಸ್‌ಡಿ ಡಯೋಡ್‌ನ ಗ್ರೌಂಡ್ ಜಾಕ್‌ನ ಗ್ರೌಂಡಿಗೇ ಹೋಗಬೇಕು. ಕೈಯಿಂದ ಬಂದ ಕಿಡಿ ಬೋರ್ಡಿನ ಉದ್ದಕ್ಕೂ ನಡೆದು ಹೋಗಬಾರದು ಅಲ್ವಾ?

ಇನ್‌ಪುಟ್ ಡಿಫರೆನ್ಷಿಯಲ್ ಆಗಿದ್ದರೆ ಮೈನಸ್ ಪಿನ್ನಿಗೂ 1 ಮೈಕ್ರೋಫ್ಯಾರಡ್ ಹಾಕಿ, ಅದರ ಮುಂದೆ 3.3ಕೆ ಹಾಕಿ ಜಾಕ್‌ನ ಗ್ರೌಂಡಿಗೆ ತನ್ನದೇ ವೈರಿನಲ್ಲಿ ಒಯ್ಯಿರಿ. 3.3ಕೆ ಯಾಕೆಂದರೆ ಪ್ಲಸ್ ಕಡೆ 10ಕೆ ಮತ್ತು 4.7ಕೆ ಸೇರಿ ಸುಮಾರು 3.2ಕೆ ಆಗಿ ಕಾಣುತ್ತದೆ. ಎರಡೂ ಕಾಲು ಒಂದೇ ತೂಕ ಹೊತ್ತರೆ ಗದ್ದಲವೂ ಸಮನಾಗಿ ಹತ್ತಿ ಸಮನಾಗಿ ಕಳೆಯುತ್ತದೆ.

ಹಂತ 6: ಮೈಕ್

ಇಡೀ ಬೋರ್ಡಿನಲ್ಲಿ ಅತಿ ಮೆಲುದನಿಯ ಜಾಗ ಇದು. ಒಂದು ಸಾಮಾನ್ಯ ಎಲೆಕ್ಟ್ರೆಟ್ ಕ್ಯಾಪ್ಸೂಲ್‌ನ (ಪುಟ್ಟ ಡಬ್ಬಿಯಂಥ ಮೈಕ್) ಸೆನ್ಸಿಟಿವಿಟಿ ಮೈನಸ್ 42 ಡಿಬಿವಿ (1 ವೋಲ್ಟಿಗೆ ಹೋಲಿಸಿದ ಡೆಸಿಬೆಲ್) ಎಂದುಕೊಳ್ಳಿ. 94 ಡೆಸಿಬೆಲ್ ದನಿಗೆ ಅದು 8 ಮಿಲಿವೋಲ್ಟ್ ಕೊಡುತ್ತದೆ. ಮಾತಿನ ದನಿ ಮೈಕ್ ಹತ್ತಿರ 70 ಡೆಸಿಬೆಲ್ ಇದ್ದರೆ ಸಿಗುವುದು ಅರ್ಧ ಮಿಲಿವೋಲ್ಟ್. ಗ್ರೌಂಡಿನಿಂದ 50 ಮೈಕ್ರೋವೋಲ್ಟ್ ಗದ್ದಲ ಸೇರಿತೆಂದರೆ ಅದು ಮಾತಿಗಿಂತ 20 ಡೆಸಿಬೆಲ್ ಮಾತ್ರ ಕೆಳಗೆ. ಆ ಕಡೆಯವರಿಗೆ ಸ್ಪಷ್ಟವಾಗಿ ಕೇಳುತ್ತದೆ.

ಕ್ಯಾಪ್ಸೂಲ್‌ಗೆ ಎರಡು ಕಾಲು. ಹೊರಗಿನ ಲೋಹದ ಡಬ್ಬಿಗೆ ಸೇರಿದ ಕಾಲು ಗ್ರೌಂಡಿನದು. ಮೀಟರಿನ ಬೀಪ್ ಇಟ್ಟು ಖಚಿತ ಮಾಡಿಕೊಳ್ಳಿ. ಇನ್ನೊಂದು ಕಾಲಿಗೆ ಮೈಕ್ ಬಯಾಸ್‌ನಿಂದ 2.2ಕೆ ಮೂಲಕ ಕರೆಂಟ್ ಕೊಡಿ. ಕ್ಯಾಪ್ಸೂಲ್ 0.3 ಮಿಲಿಆಂಪ್ ಎಳೆದರೆ ರೆಸಿಸ್ಟರ್‌ನಲ್ಲಿ 0.66 ವೋಲ್ಟ್ ಇಳಿಯುತ್ತದೆ. ಬಯಾಸ್ 2.6 ವೋಲ್ಟ್ ಇದ್ದರೆ ಕ್ಯಾಪ್ಸೂಲ್‌ಗೆ 1.9 ಉಳಿಯಿತು. ಅದರ ಡೇಟಾಶೀಟ್ ಕೇಳುವ ಕನಿಷ್ಠಕ್ಕಿಂತ ಇದು ಜಾಸ್ತಿ ಇರಬೇಕು.

ನಾನು ಯಾವಾಗಲೂ ಮಾಡುವುದು ಎರಡೂ ಕಡೆ ರೆಸಿಸ್ಟರ್ ಹಾಕುವ ಜೋಡಣೆ. ಬಯಾಸ್‌ನಿಂದ 1ಕೆ ಮೂಲಕ ಕ್ಯಾಪ್ಸೂಲ್‌ನ ಪ್ಲಸ್‌ಗೆ. ಕ್ಯಾಪ್ಸೂಲ್‌ನ ಮೈನಸ್‌ನಿಂದ 1ಕೆ ಮೂಲಕ ಗ್ರೌಂಡಿಗೆ. ಎರಡೂ ಕಾಲಿನಿಂದ ತಲಾ 100 ನ್ಯಾನೋಫ್ಯಾರಡ್ ಮೂಲಕ ಮಾಡ್ಯೂಲಿನ ಮೈಕ್ ಪ್ಲಸ್, ಮೈಕ್ ಮೈನಸ್ ಪಿನ್‌ಗೆ. ಈಗ ಮೈಕ್‌ನ ಎರಡು ವೈರೂ ಗ್ರೌಂಡಿನಿಂದ ಒಂದೇ ದೂರದಲ್ಲಿವೆ. ಎರಡನ್ನೂ ಒಂದಕ್ಕೊಂದು ಹೆಣೆದು ಎಳೆಯಿರಿ. ಡಬ್ಬಿ ಈಗ ಗ್ರೌಂಡಲ್ಲ, ಹಾಗಾಗಿ ಅದು ಪೆಟ್ಟಿಗೆಯ ಲೋಹಕ್ಕೆ ತಾಗಬಾರದು. ರಬ್ಬರ್ ಬೂಟ್ ಹಾಕಿ.

ಕೆಪಾಸಿಟರ್ 100 ನ್ಯಾನೋಫ್ಯಾರಡ್ ಸಾಕೇ ಅನ್ನಿಸಬಹುದು. 20ಕೆ ಇನ್‌ಪುಟ್‌ಗೆ 80 ಹರ್ಟ್ಜ್ ಬರುತ್ತದೆ. ಬ್ಲೂಟೂತ್ ಕರೆಯಲ್ಲಿ ಹಳೆಯ ಸಿವಿಎಸ್‌ಡಿ ಕೋಡೆಕ್ (ದನಿಯನ್ನು ಅಂಕಿಗಳಾಗಿ ಕಟ್ಟುವ ವಿಧಾನ) 8 ಕಿಲೋಹರ್ಟ್ಜ್ ಸ್ಯಾಂಪ್ಲಿಂಗ್, ಅದಕ್ಕಿಂತ ಹೊಸ ಎಂಎಸ್‌ಬಿಸಿ 16. ಅದು ಮಾತಿಗೆಂದೇ ಇರುವ ದಾರಿ. ಅಲ್ಲಿ 30 ಹರ್ಟ್ಜ್ ತರುವುದರಿಂದ ಗಾಳಿ ಊದಿದ ಸದ್ದು, ಮೇಜು ತಟ್ಟಿದ ಸದ್ದು ಬಿಟ್ಟು ಏನೂ ಸಿಗುವುದಿಲ್ಲ.

ಬಯಾಸ್ ಪಿನ್ನಿನಲ್ಲೇ ಗದ್ದಲ ಇದ್ದರೆ, ಅಲ್ಲಿಂದ 220 ಓಮ್ ತೆಗೆದು 10 ಮೈಕ್ರೋಫ್ಯಾರಡ್ ಗ್ರೌಂಡಿಗೆ ಹಾಕಿ, ಆ ಬಿಂದುವಿನಿಂದ ಮೈಕ್‌ಗೆ ಕೊಡಿ. ದೊಡ್ಡ ಕೆಪಾಸಿಟರನ್ನು ಪಿನ್‌ಗೆ ನೇರ ಹಾಕಬೇಡಿ. ಒಳಗಿನ ರೆಗ್ಯುಲೇಟರ್ ಅದನ್ನು ಸಹಿಸದೆ ಇರಬಹುದು.

ಹಂತ 7: ಕರೆಯಲ್ಲಿ ಬರುವ ಗುಂಯ್

ಈ ಸದ್ದಿನ ಮೂಲ ಗೊತ್ತಾದರೆ ಅರ್ಧ ಗೆದ್ದಂತೆ. ಕ್ಲಾಸಿಕ್ ಬ್ಲೂಟೂತ್ ಕಾಲವನ್ನು 625 ಮೈಕ್ರೋಸೆಕೆಂಡ್ ತುಣುಕುಗಳಾಗಿ ಹಂಚುತ್ತದೆ. ಕರೆ ನಡೆಯುವಾಗ ರೇಡಿಯೋ ಪ್ರತಿ 6 ತುಣುಕಿಗೆ ಒಮ್ಮೆ, ಅಥವಾ 12 ತುಣುಕಿಗೆ ಒಮ್ಮೆ ಮಿಡಿಯುತ್ತದೆ. ಅಂದರೆ 3.75 ಅಥವಾ 7.5 ಮಿಲಿಸೆಕೆಂಡಿಗೆ ಒಮ್ಮೆ. ತಿರುಗಿಸಿ ಲೆಕ್ಕ ಹಾಕಿದರೆ 267 ಹರ್ಟ್ಜ್, 133 ಹರ್ಟ್ಜ್. ಎರಡೂ ಕಿವಿಗೆ ಚೆನ್ನಾಗಿ ಕೇಳುವ ಜಾಗದಲ್ಲೇ ಇವೆ. ನೀವು ಕೇಳುತ್ತಿರುವುದು ಬ್ಲೂಟೂತ್ ರೇಡಿಯೋದ 2.4 ಗಿಗಾಹರ್ಟ್ಜ್ ಅಲೆ ಅಲ್ಲ, ರೇಡಿಯೋ ಹೊತ್ತಿ ಆರುವ ಲಯ.

ಅದು ದನಿಯೊಳಗೆ ಬರುವ ದಾರಿ ಎರಡು. ಒಂದು, ಮೈಕ್ ವೈರ್ ಆಂಟೆನಾ ಆಗಿ 2.4 ಗಿಗಾಹರ್ಟ್ಜ್ ಹಿಡಿಯುತ್ತದೆ, ಕ್ಯಾಪ್ಸೂಲ್ ಒಳಗಿನ ಟ್ರಾನ್ಸಿಸ್ಟರ್ ಅದನ್ನು ಡಿಟೆಕ್ಟ್ ಮಾಡಿ ಲಯವನ್ನು ಹೊರಹಾಕುತ್ತದೆ. ಇನ್ನೊಂದು, ರೇಡಿಯೋ ಪ್ರತಿ ಮಿಡಿತಕ್ಕೆ ಕರೆಂಟ್ ಎಳೆಯುವಾಗ ಸಪ್ಲೈ ಮತ್ತು ಗ್ರೌಂಡ್ ಅಲುಗುತ್ತವೆ. ಯಾವುದು ಎಂದು ಹೇಳುವುದು ಸುಲಭ. ಮೈಕ್ ವೈರನ್ನು ಆಂಟೆನಾದಿಂದ ಹತ್ತಿರ, ದೂರ ಸರಿಸಿ. ಸದ್ದು ಬದಲಾದರೆ ಮೊದಲನೆಯದು. ಬದಲಾಗದಿದ್ದರೆ ಎರಡನೆಯದು.

ನಾನು ಕಟ್ಟಿದ ಒಂದು ಬೋರ್ಡಿನಲ್ಲಿ ಮೈಕ್‌ಗೆ 20 ಸೆಂಟಿಮೀಟರ್ ವೈರ್ ಇತ್ತು. ಸಪ್ಲೈ ಬದಲಿಸಿದೆ, ಬಯಾಸ್ ಫಿಲ್ಟರ್ ಮಾಡಿದೆ, ಗುಂಯ್ ಹೋಗಲಿಲ್ಲ. ವೈರನ್ನು ಬೆರಳಲ್ಲಿ ಹಿಡಿದರೆ ಸದ್ದು ಇಳಿಯುತ್ತಿತ್ತು. ಬೋರ್ಡ್ ಕಡೆ 10 ಪಿಕೋಫ್ಯಾರಡ್ ಹಾಕಿದಾಗ ಸ್ವಲ್ಪ ಮಾತ್ರ ಕಡಿಮೆಯಾಯಿತು. ಅದನ್ನೇ ಬಿಚ್ಚಿ ಕ್ಯಾಪ್ಸೂಲ್‌ನ ಎರಡು ಕಾಲಿನ ನಡುವೆ, ಬೆನ್ನಿಗೇ ಬೆಸೆದೆ. ಸದ್ದು ನಿಂತುಹೋಯಿತು. ಡಿಟೆಕ್ಟ್ ಆಗುವ ಜಾಗ ಕ್ಯಾಪ್ಸೂಲ್, ಹಾಗಾಗಿ ಕೆಪಾಸಿಟರ್ ಇರಬೇಕಾದದ್ದೂ ಅಲ್ಲೇ.

ಈ ಕೆಲಸಕ್ಕೆ 0.1 ಮೈಕ್ರೋಫ್ಯಾರಡ್ ಬೇಡ. ಅಷ್ಟು ಎತ್ತರದ ಫ್ರೀಕ್ವೆನ್ಸಿಯಲ್ಲಿ ಅದು ಕೆಪಾಸಿಟರ್ ಆಗಿ ಉಳಿಯುವುದೇ ಇಲ್ಲ, ಕಾಯಿಲ್ ಥರ ನಡೆದುಕೊಳ್ಳುತ್ತದೆ. ಚಿಕ್ಕ ಸಿ0ಜಿ (ಡಿಸಿ ನಿಂತರೂ ಅಂಕಿ ಇಳಿಯದ ಜಾತಿಯ) ಸೆರಾಮಿಕ್, 8.2 ಅಥವಾ 10 ಪಿಕೋಫ್ಯಾರಡ್, ಕಾಲು ಇಲ್ಲದ ಎಸ್‌ಎಂಡಿ ತೆಗೆದುಕೊಳ್ಳಿ. ಫೆರೈಟ್ ಬೀಡ್ (ಎತ್ತರದ ಫ್ರೀಕ್ವೆನ್ಸಿ ತಡೆಯುವ ಬಿಡಿಭಾಗ) ಹಾಕುವುದಾದರೆ ಅದರ 100 ಮೆಗಾಹರ್ಟ್ಜ್ ಅಂಕಿ ನೋಡಿ ಮೋಸ ಹೋಗಬೇಡಿ, ಗ್ರಾಫ್‌ನಲ್ಲಿ 2.4 ಗಿಗಾಹರ್ಟ್ಜ್ ಹತ್ತಿರ ಎಷ್ಟಿದೆ ನೋಡಿ.

ಹಂತ 8: ಪವರ್ ಮತ್ತು ಗ್ರೌಂಡ್

ಹೆಚ್ಚಿನ ಜನ ಸೋಲುವುದು ಇಲ್ಲಿ. ಒಂದು 12 ವೋಲ್ಟ್ ಅಡಾಪ್ಟರ್. ಅದರಿಂದ ಕ್ಲಾಸ್ ಡಿ ಆಂಪ್. ಅದರಿಂದಲೇ ಬಕ್ ಕನ್ವರ್ಟರ್ ಮೂಲಕ 5 ವೋಲ್ಟ್ ಮಾಡಿ ಬ್ಲೂಟೂತ್ ಮಾಡ್ಯೂಲ್. ಮಾಡ್ಯೂಲ್ ಮತ್ತು ಆಂಪ್ ನಡುವೆ ಆಡಿಯೋ ವೈರ್. ಆನ್ ಮಾಡಿದರೆ ಜುಯ್, ಕಿರ್, ಟಿಕ್ ಟಿಕ್. ಮಾಡ್ಯೂಲನ್ನು ಬ್ಯಾಟರಿಯಿಂದ ನಡೆಸಿದರೆ ಪೂರ್ತಿ ನಿಶ್ಶಬ್ದ. ಈ ಬ್ಯಾಟರಿ ಪರೀಕ್ಷೆಯನ್ನು ಎಲ್ಲಕ್ಕಿಂತ ಮೊದಲು ಮಾಡಿ. ಎರಡು ನಿಮಿಷದಲ್ಲಿ ಉತ್ತರ ಸಿಗುತ್ತದೆ.

ಏನಾಗುತ್ತಿದೆ ನೋಡಿ. ಮಾಡ್ಯೂಲಿನ ಕರೆಂಟ್ ಅಡಾಪ್ಟರ್‌ಗೆ ವಾಪಸ್ ಹೋಗಲು ಎರಡು ದಾರಿ ಇವೆ. ಒಂದು ಅದರ ಪವರ್ ಗ್ರೌಂಡ್ ವೈರ್. ಇನ್ನೊಂದು ಆಡಿಯೋ ಗ್ರೌಂಡ್ ವೈರ್, ಆಂಪ್ ಮೂಲಕ. ಕರೆಂಟ್ ಎರಡರಲ್ಲೂ ಹಂಚಿ ಹೋಗುತ್ತದೆ. ಆಡಿಯೋ ಗ್ರೌಂಡ್ ವೈರಿನ ರೆಸಿಸ್ಟೆನ್ಸ್ 0.03 ಓಮ್, ಅದರಲ್ಲಿ 50 ಮಿಲಿಆಂಪ್ ಮಿಡಿತ ಅಂದುಕೊಳ್ಳಿ. 1.5 ಮಿಲಿವೋಲ್ಟ್ ಹುಟ್ಟಿತು. ಆಂಪ್‌ಗೆ ಇದು ಸಿಗ್ನಲ್ಲೇ. 26 ಡೆಸಿಬೆಲ್ ಗೇನ್ ಅಂದರೆ 20 ಪಟ್ಟು, ಸ್ಪೀಕರಿಗೆ 30 ಮಿಲಿವೋಲ್ಟ್. 2.83 ವೋಲ್ಟಿಗೆ 88 ಡೆಸಿಬೆಲ್ ಕೊಡುವ ಸ್ಪೀಕರ್ ಆದರೆ 1 ಮೀಟರ್ ದೂರದಲ್ಲಿ ಸುಮಾರು 48 ಡೆಸಿಬೆಲ್. ರಾತ್ರಿ ಸದ್ದಿಲ್ಲದ ಕೋಣೆಯಲ್ಲಿ ಇದು ತಲೆ ತಿನ್ನುತ್ತದೆ. ಇಷ್ಟಕ್ಕೆಲ್ಲ ಕಾರಣ 0.03 ಓಮ್!

ಪರಿಹಾರಗಳನ್ನು ಈ ಕ್ರಮದಲ್ಲೇ ಮಾಡಿ. ಮೊದಲು, ಹಂತ 4ರಲ್ಲಿ ಹೇಳಿದಂತೆ ಡಿಫರೆನ್ಷಿಯಲ್ ಜೋಡಿಸಿ, ಅಥವಾ ಮಾಡ್ಯೂಲ್ ಹತ್ತಿರದ ಗ್ರೌಂಡನ್ನು ಕೆಪಾಸಿಟರ್ ಮೂಲಕ ಆಂಪ್‌ನ ಮೈನಸ್ ಇನ್‌ಪುಟ್‌ಗೆ ತನ್ನಿ. ಆಗ ಆಡಿಯೋ ವೈರಿನಲ್ಲಿ ಪವರ್ ಕರೆಂಟ್ ಹರಿಯುವ ದಾರಿಯೇ ಮುಚ್ಚುತ್ತದೆ. ಅದರ ಜೊತೆಗೆ ಮಾಡ್ಯೂಲಿನ ಪವರ್ ಗ್ರೌಂಡ್ ಆಂಪ್ ಸುತ್ತಿ ಬರದೆ ನೇರ ಅಡಾಪ್ಟರ್ ಜಾಕ್‌ಗೆ ಹೋಗಲಿ, ದಪ್ಪ ವೈರಿನಲ್ಲಿ, ಗಿಡ್ಡವಾಗಿ.

ಆಂಪ್ ಬದಲಿಸುವ ಹಾಗಿಲ್ಲ, ಸಿಂಗಲ್ ಎಂಡೆಡ್ ಇನ್‌ಪುಟ್ ಮಾತ್ರ ಇದೆ ಅಂದರೆ ಬಿ0505ಎಸ್‌ನಂಥ 1 ವಾಟ್ ಐಸೋಲೇಟೆಡ್ ಡಿಸಿ ಕನ್ವರ್ಟರ್ ಹಾಕಿ. ಅದರ ಎರಡೂ ಕಡೆಯ ಗ್ರೌಂಡ್ ಬೇರೆ ಬೇರೆ. ಕರೆಂಟ್‌ಗೆ ಆಡಿಯೋ ವೈರಿನ ಮೂಲಕ ಹೋಗಲು ದಾರಿಯೇ ಇಲ್ಲ. ಎರಡು ಗ್ರೌಂಡುಗಳನ್ನು ಅಪ್ಪಿತಪ್ಪಿ ಬೇರೆಲ್ಲಾದರೂ ಸೇರಿಸಿದರೆ ಕೆಲಸ ವ್ಯರ್ಥ. ಯುಎಸ್‌ಬಿ ಸಾಕೆಟ್‌ನ ಲೋಹ, ಪೆಟ್ಟಿಗೆಯ ಸ್ಕ್ರೂ ನೋಡಿಕೊಳ್ಳಿ. ಈ ಕನ್ವರ್ಟರ್‌ನ ಔಟ್‌ಪುಟ್ ರೆಗ್ಯುಲೇಟ್ ಆಗಿರುವುದಿಲ್ಲ, ಅದಕ್ಕೆ ತನ್ನದೇ ರಿಪಲ್ (ವೋಲ್ಟ್‌ನ ಸಣ್ಣ ಏರಿಳಿತ) ಕೂಡ ಇದೆ. ಮುಂದೆ ಒಂದು ಸಣ್ಣ ಕಾಯಿಲ್, ಕೆಪಾಸಿಟರ್, ಎಲ್‌ಡಿಓ (ಸಣ್ಣ ವೋಲ್ಟೇಜ್ ರೆಗ್ಯುಲೇಟರ್) ಹಾಕಿ. ಆಡಿಯೋ ಐಸೋಲೇಷನ್ ಟ್ರಾನ್ಸ್‌ಫಾರ್ಮರ್ ಕೂಡ ಆಗುತ್ತದೆ, ಆದರೆ ಚಿಕ್ಕವು ಬೇಸ್ ನುಂಗುತ್ತವೆ. ನಾನು ಅದನ್ನು ಕೊನೆಗೆ ಇಟ್ಟುಕೊಳ್ಳುತ್ತೇನೆ.

ನೀವೇ ಪಿಸಿಬಿ ಬಿಡಿಸುವುದಾದರೆ ಗ್ರೌಂಡ್ ಪ್ಲೇನನ್ನು (ಗ್ರೌಂಡಿಗೆಂದೇ ಇರುವ ತಾಮ್ರದ ಹಾಸು) ಅನಲಾಗ್, ಡಿಜಿಟಲ್ ಎಂದು ಸೀಳಬೇಡಿ. ಒಂದೇ ಇಡಿ ಪ್ಲೇನ್ ಇರಲಿ. ಭಾಗಗಳನ್ನು ಮಾತ್ರ ಬೇರೆ ಬೇರೆ ಕಡೆ ಕೂರಿಸಿ: ಆಂಟೆನಾ ಒಂದು ತುದಿಗೆ, ಬಕ್ ಕನ್ವರ್ಟರ್‌ನ ಕಾಯಿಲ್ ಇನ್ನೊಂದು ಕಡೆಗೆ, ಮೈಕ್ ಎರಡರಿಂದಲೂ ದೂರ. ಆಂಟೆನಾ ಕೆಳಗೆ ತಾಮ್ರ ಬೇಡ. ಡಿಫರೆನ್ಷಿಯಲ್ ಜೋಡಿ ಗೆರೆಗಳು ಅಕ್ಕಪಕ್ಕದಲ್ಲೇ ಸಾಗಲಿ.

ಹಂತ 9: ಆನ್ ಆಫ್ ಮಾಡುವಾಗಿನ ಟಪ್

ಕೆಪಾಸಿಟರ್‌ಗಳು ಚಾರ್ಜ್ ಆಗುವಾಗ ಆ ಏರಿಕೆ ಸ್ಪೀಕರಿಗೆ ಹೋಗುತ್ತದೆ. ಹೊರಗಿನ ಜಾಕ್‌ಗೆ ಹೋಗುವ ಕೆಪಾಸಿಟರ್ ಆದಮೇಲೆ ಗ್ರೌಂಡಿಗೆ 100ಕೆ ಹಾಕಿ, ಪ್ಲಗ್ ಚುಚ್ಚುವಾಗಿನ ಟಪ್ ಹೋಗುತ್ತದೆ. ಆನ್ ಆಗುವಾಗಿನದಕ್ಕೆ ಆಂಪ್ ತಡವಾಗಿ ಏಳಬೇಕು. ಆಂಪ್‌ನ ಶಟ್‌ಡೌನ್ ಪಿನ್‌ಗೆ ಸಪ್ಲೈನಿಂದ 100ಕೆ, ಪಿನ್ನಿನಿಂದ ಗ್ರೌಂಡಿಗೆ 10 ಮೈಕ್ರೋಫ್ಯಾರಡ್ ಹಾಕಿದರೆ ಸ್ವಲ್ಪ ಹೊತ್ತು ತಡ ಸಿಗುತ್ತದೆ. ಪಿನ್ ಕೆಳಗಿದ್ದಾಗ ಮಲಗುವ ಚಿಪ್‌ಗಳಿಗೆ ಮಾತ್ರ ಇದು. 100ಕೆಗೆ ಪಕ್ಕದಲ್ಲಿ ಒಂದು ಡಯೋಡ್, ಗೆರೆ ಇರುವ ಕಡೆ ಸಪ್ಲೈಗೆ. ಆಫ್ ಮಾಡಿದಾಗ ಕೆಪಾಸಿಟರ್ ಬೇಗ ಖಾಲಿಯಾಗಿ ಆಂಪ್ ಮೊದಲು ಮಲಗುತ್ತದೆ. ಮಾಡ್ಯೂಲಿನಲ್ಲಿ ಮ್ಯೂಟ್ ಪಿನ್ ಇದ್ದರೆ ಅದನ್ನೇ ಬಳಸಿ, ಇದಕ್ಕಿಂತ ಅಚ್ಚುಕಟ್ಟು.

ಹಂತ 10: ಪರೀಕ್ಷೆಯ ಕ್ರಮ

ಸ್ಪೀಕರ್ ಜೋಡಿಸುವ ಮೊದಲು ಕೆಪಾಸಿಟರ್‌ಗಳ ಆಚೆ ಡಿಸಿ ಅಳೆಯಿರಿ. ಹೊರಗಿನ ಜಾಕ್‌ನಲ್ಲಿ ಸೊನ್ನೆ ಇರಬೇಕು. ಆಮೇಲೆ ಫೋನಿನಿಂದ 200 ಹರ್ಟ್ಜ್ ಟೋನ್ ಬಿಟ್ಟು ಮೀಟರಿನ ಎಸಿಯಲ್ಲಿ ಪ್ಲಸ್, ಮೈನಸ್ ಕಾಲುಗಳ ನಡುವೆ ಅಳೆಯಿರಿ. ಅಗ್ಗದ ಮೀಟರ್‌ಗಳನ್ನು 400 ಹರ್ಟ್ಜ್ ಮೇಲೆ ನಂಬುವುದು ಕಷ್ಟ, ಅದಕ್ಕೇ 200. ಎಡ ಬಲ ಎರಡೂ ಸಮ ಬರಬೇಕು. ಒಂದು ಅರ್ಧ ಇದ್ದರೆ ಆ ಚಾನೆಲ್‌ನ ಒಂದು ಕಾಲು ಬಿಟ್ಟಿದೆ, ಬೆಸುಗೆ ನೋಡಿ.

ಆಸಿಲೋಸ್ಕೋಪ್ ಇದ್ದರೆ ಅದರ ಗ್ರೌಂಡ್ ಕ್ಲಿಪ್ಪನ್ನು ಮೈನಸ್ ಪಿನ್‌ಗೆ ಕಚ್ಚಿಸಬೇಡಿ. ಬ್ರಿಡ್ಜ್ ಔಟ್‌ಪುಟ್ ಇರುವ ಕ್ಲಾಸ್ ಡಿ ಆಂಪ್‌ನ ಸ್ಪೀಕರ್ ಟರ್ಮಿನಲ್‌ಗಳಿಗೂ ಬೇಡ, ಅಲ್ಲೂ ಮೈನಸ್ ಗ್ರೌಂಡ್ ಅಲ್ಲ. ಎರಡು ಪ್ರೋಬ್ ಬಳಸಿ, ಸ್ಕೋಪ್‌ನಲ್ಲಿ ಒಂದರಿಂದ ಇನ್ನೊಂದನ್ನು ಕಳೆಯಿರಿ.

ಗದ್ದಲ ಹುಡುಕುವಾಗ ಹಿಂದಿನಿಂದ ಮುಂದೆ ಬನ್ನಿ. ಮೊದಲು ಆಂಪ್‌ನ ಇನ್‌ಪುಟ್ ವೈರ್ ಬಿಚ್ಚಿ, ಇನ್‌ಪುಟ್ ಕೆಪಾಸಿಟರ್‌ನ ಹೊರಗಿನ ತುದಿಯನ್ನು ಆಂಪ್‌ನ ಗ್ರೌಂಡಿಗೆ ಸೇರಿಸಿ ಕೇಳಿ. ಸದ್ದು ಇದ್ದರೆ ದೋಷ ಆಂಪ್ ಅಥವಾ ಅದರ ಸಪ್ಲೈನದು. ಇಲ್ಲದಿದ್ದರೆ ವೈರ್ ಮತ್ತೆ ಜೋಡಿಸಿ, ಮಾಡ್ಯೂಲನ್ನು ಬ್ಯಾಟರಿಯಲ್ಲಿ ನಡೆಸಿ. ಆಗ ನಿಶ್ಶಬ್ದ ಅಂದರೆ ಗ್ರೌಂಡ್ ದಾರಿಯ ತೊಂದರೆ. ಆಗಲೂ ಸದ್ದು ಇದ್ದರೆ ಆಂಟೆನಾ ಹತ್ತಿರದ ವೈರ್‌ಗಳನ್ನು ಒಂದೊಂದಾಗಿ ಸರಿಸಿ ನೋಡಿ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಚೀಟಿಯಲ್ಲಿ ಬರೆಯಿರಿ.

ಎಲ್ಲ ಸರಿಯಾದ ಮೇಲೆ ಪೆಟ್ಟಿಗೆ ಮುಚ್ಚಿ, ಒಂದು ಕರೆ ಮಾಡಿ, ಆ ಕಡೆಯವರನ್ನು ಕೇಳಿ. ಮುಚ್ಚಳ ಹಾಕಿದಾಗ ಮೈಕ್ ವೈರ್ ಮಡಚಿ ಆಂಟೆನಾ ಪಕ್ಕ ಕೂತಿರಬಹುದು. ಹಾಗಾಗಿದ್ದರೆ ತೆಗೆದು, ವೈರನ್ನು ಪೆಟ್ಟಿಗೆಯ ಇನ್ನೊಂದು ಗೋಡೆಗೆ ಅಂಟಿಸಿ, ಮತ್ತೊಮ್ಮೆ ಕರೆ ಮಾಡಿ ನೋಡಿ.